ಅತ್ತೆಯ ಊಟದಲ್ಲಿ ಗಂಜಿ ಕಮ್ಮಿ ಮಾಡಿ ಕಾಳು ಜಾಸ್ತಿ ಮಾಡಿದೆವು

ವಯಸ್ಸಾದವರಿಗೆ ಹಗುರವಾಗಿ ಏನಾದರೂ ಕೊಟ್ಟರೆ ಸಾಕು ಅಂತ ನಮ್ಮ ಹಾಸನದ ಕಡೆ ಎಲ್ಲರೂ ಹೇಳುತ್ತಾರೆ. ಹಗುರ ಅಂದರೆ ಗಂಜಿ, ತಿಳಿಸಾರು ಅನ್ನ, ಕಾಫಿಗೆ ಅದ್ದಿದ ರಸ್ಕು. ನಮ್ಮ ಅತ್ತೆಗೆ ಈಗ 76. ಹಲ್ಲು ಹೋದ ಮೇಲೆ ಅವರೂ ಇದಕ್ಕೇ ಒಗ್ಗಿಕೊಂಡರು. ಹೊಟ್ಟೆ ತುಂಬುತ್ತಿತ್ತು, ಆದರೆ ಕೈಬಳೆ ಮೊಣಕೈವರೆಗೂ ಜಾರಲು ಶುರುವಾಯಿತು, ಕುರ್ಚಿಯಿಂದ ಏಳಬೇಕಾದರೂ ಯಾರಾದರೂ ಕೈ ಕೊಡಬೇಕಿತ್ತು. ಡಾಕ್ಟರ್ ರಕ್ತ ಪರೀಕ್ಷೆ ಎಲ್ಲ ಮಾಡಿಸಿ, ಬೇರೆ ಕಾಯಿಲೆ ಏನೂ ಕಾಣುತ್ತಿಲ್ಲ, ಊಟದಲ್ಲಿ ಪ್ರೋಟೀನ್ ಸಾಲದು, ಅದಕ್ಕೇ ಮೈ ಇಳಿಯುತ್ತಿದೆ ಅಂದರು.

ಆಮೇಲೆ ಕೂತು ಲೆಕ್ಕ ಹಾಕಿದೆ. ವಯಸ್ಕರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಸಿಕ್ಕರೆ ಒಳ್ಳೆಯದು ಅಂತ ಈ ವಿಷಯ ನೋಡುವ ತಜ್ಞರು ಹೇಳುತ್ತಾರೆ (ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಜಾಸ್ತಿ ಮಾಡಬಾರದು). ಅತ್ತೆ 46 ಕೆಜಿ ಇದ್ದರು, ಅಂದರೆ ಸುಮಾರು 50 ಗ್ರಾಂ ಬೇಕು. ಒಂದು ಲೋಟ ಅಕ್ಕಿ ಗಂಜಿಯಲ್ಲಿ ಸಿಗುವುದು ಎರಡು ಗ್ರಾಂ ಅಷ್ಟೇ! ಹಸಿವು ಕಮ್ಮಿ ಇರುವವರಿಗೆ ತಿನ್ನುವ ಪ್ರತಿ ತುತ್ತಿನಲ್ಲೂ ಸತ್ವ ಇರಬೇಕು, ಅಲ್ವಾ?

ನಮ್ಮದು ಮುದ್ದೆ ಸಾರಿನ ಮನೆ, ಕಾಳಿಗೆ ಬರವಿಲ್ಲ. ಹುರುಳಿ ಬೇಯಿಸಿ, ಕಟ್ಟು ಬಸಿದು ಸಾರು ಮಾಡುತ್ತೇವೆ, ಕಾಳು ಪಲ್ಯಕ್ಕೆ ಹೋಗುತ್ತದೆ. ಅತ್ತೆಗೆ ಪಲ್ಯ ಅಗಿಯಲು ಆಗುವುದಿಲ್ಲ, ಬರೀ ಕಟ್ಟಿನ ಸಾರು ತಿನ್ನುತ್ತಿದ್ದರು. ಸತ್ವ ಎಲ್ಲ ಕಟ್ಟಿನಲ್ಲೇ ಇದೆ ಅನ್ನುವ ನಂಬಿಕೆ ಬೇರೆ. ಆದರೆ ಪ್ರೋಟೀನಿನ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿಯುತ್ತದೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಇದೆ, ಅದೆಲ್ಲ ನಮ್ಮ ತಟ್ಟೆಗೆ ಬರುತ್ತಿತ್ತು.

ಈಗ ಹೀಗೆ ಮಾಡುತ್ತೇನೆ. ರಾತ್ರಿ ಹುರುಳಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ಮಾರನೇ ದಿನ ಸಣ್ಣ ಮೊಳಕೆ ಬಂದಿರುತ್ತದೆ. ಕುಕ್ಕರಿನಲ್ಲಿ ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಮೆತ್ತಗೆ ಬೇಯಿಸಿ, ಅತ್ತೆಯ ಪಾಲಿನ ಕಾಳನ್ನು ಖಾರದ ಜೊತೆಗೇ ರುಬ್ಬಿ ಸಾರಿಗೆ ಸೇರಿಸುತ್ತೇನೆ. ಸಾರು ಗಟ್ಟಿಯಾಗುತ್ತದೆ, ರುಚಿಯೂ ಜಾಸ್ತಿ. ಅವರೆಕಾಯಿ ಕಾಲದಲ್ಲಂತೂ ಹಿತಕಿದ ಬೇಳೆ ಇದ್ದೇ ಇದೆ, ಸಿಪ್ಪೆ ಇರುವುದಿಲ್ಲವಲ್ಲ, ಹೊಟ್ಟೆ ಉಬ್ಬರವೂ ಕಮ್ಮಿ. ಮುದ್ದೆ ಹೇಗೂ ನುಂಗುವುದೇ, ಹಲ್ಲು ಬೇಡ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಮೂಳೆಗೆ ಇದಕ್ಕಿಂತ ಬೇಕೇ? ಮುದ್ದೆಗೆ ಉಪ್ಪು ಹಾಕದೇ ಇರುವುದೂ ಅನುಕೂಲವೇ, ಅತ್ತೆಗೆ ಬಿಪಿ ಇದೆ. ಸಾರಿನಲ್ಲೂ ಉಪ್ಪು ತಗ್ಗಿಸಿ ಕೊನೆಗೆ ನಿಂಬೆಹುಳಿ, ಕೊತ್ತಂಬರಿ ಸೊಪ್ಪು ಹಾಕುತ್ತೇನೆ. ಸಪ್ಪೆ ಅನ್ನುವ ದೂರು ನಿಂತಿದೆ.

ಬೆಳಿಗ್ಗೆ ಒಂದು ಮೊಟ್ಟೆ, ಮೆತ್ತಗೆ ಬೇಯಿಸಿದ್ದು. ಹನ್ನೊಂದು ಗಂಟೆಗೆ ಹುರಿದ ಕಡಲೆಕಾಯಿ ಬೀಜದ ಪುಡಿ ಕಲಸಿದ ರಾಗಿ ಅಂಬಲಿ, ಸಂಜೆ ಹಾಲು, ಎರಡೂ ಹೊತ್ತು ಊಟಕ್ಕೆ ಮೊಸರು. "ನಂಗೆ ಹಸಿವೇ ಇಲ್ಲ ಕಣವ್ವ" ಅಂದರೆ ಬಲವಂತ ಮಾಡುವುದಿಲ್ಲ, ಅರ್ಧ ತಟ್ಟೆ ಈಗ, ಅರ್ಧ ಸ್ವಲ್ಪ ಹೊತ್ತು ಬಿಟ್ಟು. ಊಟದ ಬೆನ್ನಿಗೇ ಕುಡಿಯುತ್ತಿದ್ದ ಕಾಫಿಯನ್ನು ಒಂದು ಗಂಟೆ ಮುಂದೆ ಹಾಕಿದೆವು, ಯಾಕೆಂದರೆ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತುವುದನ್ನು ಕಾಫಿ ತಡೆಯುತ್ತದೆ. ಕಾಫಿ ಸೀಮೆಯವರಿಗೆ ಕಾಫಿ ಬಿಡಿ ಅನ್ನುವುದು ಆಗದ ಮಾತು, ಹೊತ್ತು ಬದಲಾಯಿಸಿದರೆ ಸಾಕು. ರಾತ್ರಿ ಏಳಬೇಕಾಗುತ್ತದೆ ಅಂತ ನೀರೇ ಕುಡಿಯುತ್ತಿರಲಿಲ್ಲ, ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ನೀರು, ಮಜ್ಜಿಗೆ ಎಲ್ಲ ಸಂಜೆಯೊಳಗೆ ಮುಗಿಸುತ್ತೇವೆ. ಮಲಬದ್ಧತೆಯೂ ತಗ್ಗಿತು.

ಬರೀ ತಿಂದರೆ ಸಾಲದು, ಕಾಲಿಗೆ ಕೆಲಸ ಬೇಕು. ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೂತು ಏಳುವುದು, ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ, ಪಕ್ಕದಲ್ಲಿ ನಾನು. ಮೊದಮೊದಲು ಎರಡಕ್ಕೇ ಸುಸ್ತಾಗುತ್ತಿದ್ದರು. ಈಗ ಕೈ ಊರದೆ ಏಳುತ್ತಾರೆ, ತೂಕ 49ಕ್ಕೆ ಬಂದಿದೆ.

ಮಾವನವರಿಗೆ ಸಕ್ಕರೆ ಕಾಯಿಲೆ. ಅವರಿಗೆ ಅದೇ ಗಟ್ಟಿ ಸಾರು, ಮುದ್ದೆ ಮಾತ್ರ ಚಿಕ್ಕದು, ರಾಗಿ ಅಂತ ಎರಡು ನುಂಗಿದರೆ ಶುಗರ್ ಏರಿಯೇ ಏರುತ್ತದೆ. ಈ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಗೊಂಡವರಿಗೆ ವಿಟಮಿನ್ ಬಿ12 ಕಮ್ಮಿಯಾಗಬಹುದು, ಪಾದ ಜೋಮು ಹಿಡಿಯುವುದಕ್ಕೆ ಅದೂ ಒಂದು ಕಾರಣ. ನಿಮ್ಮ ಮನೆಯಲ್ಲೂ ಯಾರಾದರೂ ಈ ಮಾತ್ರೆ ತಗೊಳ್ಳುತ್ತಿದ್ದರೆ, ವಯಸ್ಸಾಯಿತು ಅಂತ ಸುಮ್ನೆ ಕೂರದೆ ಒಂದು ಸಲ ಬಿ12 ಪರೀಕ್ಷೆ ಮಾಡಿಸಿ.