‘ಅವರೆಲ್ಲ ಹಾಗೆಯೇ’ ಎನ್ನುವ ಮಾತನ್ನು ತರಗತಿಯಲ್ಲಿ ಎದುರಿಸುವ ಬಗೆ

ಮುಂಬಯಿಯ ಕನ್ನಡ ಶಾಲೆಯ ಏಳನೆಯ ತರಗತಿಯಲ್ಲಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಕರಾವಳಿಯವರ ಮಕ್ಕಳ ಪಕ್ಕದಲ್ಲಿಯೇ, ಕಟ್ಟಡ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದವರ ಮಕ್ಕಳು ಕುಳಿತಿರುತ್ತಾರೆ. ಕರಾವಳಿಯ ಮಕ್ಕಳು ಇವರನ್ನು ‘ಘಟ್ಟದವರು’ ಎಂದು ದೂರವಿಟ್ಟರೆ, ಇವರು ಕರಾವಳಿಯವರ ಪುಸ್ತಕದಂಥ ಕನ್ನಡವನ್ನು ಅಣಕಿಸುತ್ತಾರೆ. ಶಾಲೆಯ ಗೇಟು ದಾಟಿದೊಡನೆ ಇಬ್ಬರೂ ‘ಮದರಾಸಿ’ಗಳಾಗುತ್ತಾರೆ. ಜಾಗತಿಕ ಪೌರತ್ವದ, ಎಂದರೆ ಲೋಕದ ಎಲ್ಲರನ್ನೂ ಸಮಾನರೆಂದು ಕಂಡು ಬಾಳುವುದರ ಪಾಠ ಈ ಬೆಂಚಿನಿಂದಲೇ ಆರಂಭವಾಗಬೇಕೆಂಬುದು ಪಾಠ ಹೇಳುತ್ತಾ ಹೇಳುತ್ತಾ ನನಗೆ ಖಚಿತವಾದ ಸಂಗತಿ. ‘ಹಾಗೆನ್ನಬಾರದು’ ಎಂದು ಗದರಿಸಿದರೆ ಮಗು ನಮ್ಮೆದುರು ಸುಮ್ಮನಾಗುತ್ತದೆ, ಆದರೆ ಮಾತು ಮನಸ್ಸಿನಲ್ಲಿ ಹಾಗೆಯೇ ಉಳಿಯುತ್ತದೆ.

ಮೊದಲ ಪಿರಿಯಡ್ಡಿನಲ್ಲಿ ಇತರರಿಗೆ ನಾವು ಅಂಟಿಸುವ ಹಣೆಪಟ್ಟಿಗಳನ್ನು ಮುಟ್ಟದೆ, ನಮಗೆ ಅಂಟಿದ ಹಣೆಪಟ್ಟಿಯಿಂದ ಹೊರಡಿರಿ. 1960ರ ದಶಕದಲ್ಲಿ ಈ ನಗರದಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಚಳವಳಿ ನಡೆದಾಗ ಕನ್ನಡ, ತುಳು, ತಮಿಳು, ಮಲಯಾಳಂ ಆಡುವವರೆಲ್ಲ ಒಂದೇ ಹೆಸರಿನಡಿ ಸೇರಿಹೋದರು ಎಂಬುದನ್ನು ತಿಳಿಸಿ, ಮನೆಯ ಅಥವಾ ಚಾಳಿನ ಹಿರಿಯರನ್ನು ಕೇಳಿಕೊಂಡು ಬರಲು ಹೇಳಬೇಕು. ಮರುದಿನ ಪ್ರತಿಯೊಬ್ಬರೂ ‘ನನ್ನನ್ನು ನೋಡದೆಯೇ ನನ್ನ ಬಗ್ಗೆ ಯಾರೋ ಅಂದುಕೊಂಡ ಮಾತು’ ಒಂದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಯಲಿ. ಓದುವವರು ಶಿಕ್ಷಕರೇ ಆಗಿರಬೇಕು. ಬರೆದವರು ಯಾರೆಂಬ ಸುಳಿವು ಸಿಗುವಂಥ ಚೀಟಿಯನ್ನು ಓದಲೇಬಾರದು.

ಆಮೇಲೆ ಮಕ್ಕಳ ಬಾಯಿಂದ ‘ಅವರೆಲ್ಲ...’ ಎಂಬ ಮಾತು ಬಂದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳುವ ರೂಢಿ ಮಾಡಿಕೊಳ್ಳಿರಿ: ನೀನು ನೋಡಿದ್ದು ಎಷ್ಟು ಜನರನ್ನು? ಇದನ್ನು ನಿನಗೆ ಹೇಳಿದವರು ಯಾರು? ಹಾಗಿಲ್ಲದ ಒಬ್ಬರಾದರೂ ನಿನಗೆ ಗೊತ್ತೇ? ಕರಿಹಲಗೆಯ ಮೇಲೆ ಈ ಪ್ರಶ್ನೆಗಳಷ್ಟೇ ಇರಲಿ, ಹಣೆಪಟ್ಟಿಯ ಮಾತನ್ನು ಅಲ್ಲಿ ಬರೆಯಬೇಡಿ. ಬರೆದದ್ದು ಮಕ್ಕಳ ನೆನಪಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ತಪ್ಪನ್ನು ನಾನೇ ಮಾಡಿದ್ದೇನೆ: ಯಾದಗಿರಿ ಕಡೆಯ ಹುಡುಗನೊಬ್ಬನನ್ನು ನಿಲ್ಲಿಸಿ, ‘ನಿಮ್ಮ ಕಡೆಯವರು ಹೀಗೆ ಮಾಡುತ್ತಾರೆಯೇ?’ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ಒಂದು ಊರಿನ, ಜಾತಿಯ, ಧರ್ಮದ ಪರವಾಗಿ ಉತ್ತರ ಕೊಡುವ ಹೊರೆಯನ್ನು ಯಾವ ಮಗುವಿನ ಮೇಲೂ ಹೊರಿಸಬಾರದು.

ದೂರದ ದೇಶಗಳ ಕಡೆಗೆ ಹೋಗಲು ಭೂಪಟವೇ ಒಳ್ಳೆಯ ದಾರಿ. ಮರ್ಕೇಟರ್ 1569ರಲ್ಲಿ ನಾವಿಕರಿಗಾಗಿ ರಚಿಸಿದ ಮಾದರಿಯ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಆಫ್ರಿಕಾ ಹೆಚ್ಚುಕಡಿಮೆ ಒಂದೇ ಗಾತ್ರದವೆಂಬಂತೆ ಕಾಣುತ್ತವೆ. ಯಾವುದು ದೊಡ್ಡದೆಂದು ಮೊದಲು ಮಕ್ಕಳೇ ಊಹಿಸಲಿ. ಅನಂತರ ಚೌಕುಳಿ ಕಾಗದದಲ್ಲಿ ಒಂದು ಚೌಕಕ್ಕೆ ಒಂದು ಲಕ್ಷ ಚದರ ಕಿಲೋಮೀಟರ್ ಎಂದು ಹಿಡಿದು ಗ್ರೀನ್‌ಲ್ಯಾಂಡಿಗೆ 22, ಭಾರತಕ್ಕೆ 33, ಆಫ್ರಿಕಾಕ್ಕೆ ಸುಮಾರು 300 ಚೌಕಗಳನ್ನು ಬಣ್ಣ ಮಾಡಿಸಿರಿ. ಆಫ್ರಿಕಾದ ಚೌಕಗಳು ಮುಗಿಯದೆ ಕೈಸೋತಾಗ, ಭೂಪಟವನ್ನೂ ಪ್ರಶ್ನಿಸಬಹುದೆಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ‘ಆಫ್ರಿಕಾದವರು’ ಎಂದು ಒಂದೇ ಉಸಿರಿಗೆ ಹೇಳುವ ಆ ನೆಲದಲ್ಲಿ ವಿಶ್ವಸಂಸ್ಥೆಯ ಸದಸ್ಯರಾಗಿರುವ 54 ದೇಶಗಳಿವೆ ಎಂಬುದನ್ನು ಆಗ ಹೇಳಿದರೆ ಸಾಕು.

ಇಲ್ಲಿಗೇ ನಿಲ್ಲಿಸಬಾರದು. ಆಫ್ರಿಕಾ ಮೂಲದ ಸಿದ್ದಿಗಳು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ತಲೆತಲಾಂತರದಿಂದ ಬದುಕಿದ್ದಾರೆ, ಕನ್ನಡ, ಕೊಂಕಣಿಗಳನ್ನು ಆಡುತ್ತಾರೆ ಎಂಬುದು ನಮ್ಮ ಅನೇಕ ಮಕ್ಕಳಿಗೆ ಹೊಸ ಸುದ್ದಿ. ಮುಂಬಯಿಯ ದಕ್ಷಿಣಕ್ಕೆ, ಮುರುಡದ ಕಡಲಿನಲ್ಲಿ ನಿಂತಿರುವ ಜಂಜೀರಾ ಕೋಟೆಯನ್ನು ಆಳಿದವರು ಸಿದ್ದಿ ಅರಸರು. 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ನಿಜಾಮಶಾಹಿಯ ಆಡಳಿತವನ್ನೇ ನಡೆಸಿದವನು. ಗುಲಾಮರ ವ್ಯಾಪಾರದ ಕ್ರೌರ್ಯವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸಿದ್ದಿಗಳನ್ನು ಕುಣಿತದ ವೇಷದಲ್ಲಷ್ಟೇ ತೋರಿಸಿದರೆ ಹಳೆಯ ಹಣೆಪಟ್ಟಿ ತೆಗೆದು ಹೊಸದನ್ನು ಅಂಟಿಸಿದಂತಾಗುತ್ತದೆ.

ನಮ್ಮದೇ ಎಂದುಕೊಂಡ ತಿಂಡಿಯಲ್ಲಿಯೂ ಹೊರಗಿನದು ಎಷ್ಟಿದೆ ಎಂದು ತೋರಿಸಲು, ಊಟದ ಬಿಡುವಿನಲ್ಲಿ ವಡಾಪಾವನ್ನೂ ಪಾಠವಾಗಿಸಬಹುದು. ಬಟಾಟೆ, ಹಸಿಮೆಣಸಿನಕಾಯಿ, ಚಟ್ನಿಯ ಶೇಂಗಾ ಇವೆಲ್ಲವೂ ಅಮೆರಿಕ ಖಂಡಗಳಿಂದ ಬಂದವು. ಪಾವು ಎಂಬ ಹೆಸರು ಪೋರ್ಚುಗೀಸರದು.

ಶಾಲೆಗಳಲ್ಲಿ ನಡೆಯುವ ‘ವಿವಿಧ ರಾಜ್ಯಗಳ ವೇಷಭೂಷಣ ದಿನ’ದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ, ಅಲ್ಲಿ ಪ್ರತಿಯೊಂದು ರಾಜ್ಯವೂ ಒಂದು ಪೇಟ, ಒಂದು ಸೀರೆಯ ಮಟ್ಟಕ್ಕೆ ಇಳಿಯುತ್ತದೆ. ಅದಕ್ಕಿಂತ ಫಲ ಕೊಡುವುದು ಜೊತೆಯಾಗಿ ಮಾಡುವ ಕೆಲಸ. ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಒಂದೇ ಕಟ್ಟಡದಲ್ಲಿ ಎರಡು ಮೂರು ಮಾಧ್ಯಮಗಳಿರುವುದೂ ಉಂಟು. ಮೇಲಿನ ಮಹಡಿಯ ಉರ್ದು ಅಥವಾ ತಮಿಳು ಮಾಧ್ಯಮದ ಶಿಕ್ಷಕರೊಡನೆ ಮಾತನಾಡಿ, ಎರಡೂ ಕಡೆಯ ಮಕ್ಕಳನ್ನು ನಾಲ್ವರ ಮಿಶ್ರ ಗುಂಪುಗಳಾಗಿ ಮಾಡಿ, ಕಟ್ಟಡದ ಸೋರುವ ನಲ್ಲಿಗಳನ್ನು ಎಣಿಸಿ ವರದಿ ಬರೆಯುವ ಕೆಲಸ ಕೊಡಿರಿ. ನೀರು ಹಿಡಿದು ಅಳೆಯುವವರು, ಬರೆದುಕೊಳ್ಳುವವರು ವಾರಕ್ಕೊಮ್ಮೆ ಬದಲಾಗಲಿ. ಒಂದೇ ಗುಂಪಿನವರು ಸದಾ ಬಕೆಟು ಹೊರುವಂತಾಗಬಾರದು. ಮುಖ್ಯೋಪಾಧ್ಯಾಯರು ಇದು ಪಠ್ಯದಲ್ಲಿ ಎಲ್ಲಿದೆ ಎಂದು ಕೇಳಿದರೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳ 4.7ನೆಯ ಉಪಗುರಿಯಲ್ಲಿಯೂ ಜಾಗತಿಕ ಪೌರತ್ವದ ಶಿಕ್ಷಣದ ಉಲ್ಲೇಖವಿದೆ ಎಂದು ತೋರಿಸಬಹುದು.

‘ಎಲ್ಲರೂ’ ಎಂಬ ಪದವನ್ನು ಸಂಶಯದಿಂದ ನೋಡಲು ಕಲಿಸಿದ ಮೇಲೆ, ಆ ಪದ ಬೇಕೇಬೇಕಾಗುವ ಜಾಗವನ್ನೂ ತೋರಿಸಬೇಕು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂಬ ಅರ್ಥ ಕೊಡುವ ಪದವಿದ್ದಾಗ, ಅದು ‘ಎಲ್ಲ ಮಾನವರು’ ಎಂದಾಗಬೇಕೆಂದು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಅವರು ಮುಂಬಯಿ ವಿಧಾನ ಪರಿಷತ್ತಿನ ಸದಸ್ಯೆಯಾಗಿದ್ದವರು. ಸ್ವಭಾವದ ಮಾತಿನಲ್ಲಿ ‘ಕೆಲವರು’, ಹಕ್ಕಿನ ಮಾತಿನಲ್ಲಿ ‘ಎಲ್ಲರೂ’: ಈ ವ್ಯತ್ಯಾಸವನ್ನು ಮಕ್ಕಳು ತಮ್ಮದೇ ವಾಕ್ಯಗಳಲ್ಲಿ ಬರೆದು ಅಭ್ಯಾಸ ಮಾಡಲಿ.

ಎರಡು ತಿಂಗಳ ಬಳಿಕ ಮತ್ತೆ ಹೆಸರಿಲ್ಲದ ಚೀಟಿ ಬರೆಸಿರಿ. ಈ ಸಲ ಜಂಟಿ ಕೆಲಸ ಮಾಡಿದ ಬೇರೆ ಮಾಧ್ಯಮದ ಮಕ್ಕಳ ಬಗ್ಗೆ. ‘ಕೆಲವರು’, ‘ನನಗೆ ಗೊತ್ತಿಲ್ಲ’ ಎಂಬ ಮಾತುಗಳು ಬಂದಿವೆಯೇ, ಯಾರದಾದರೂ ಹೆಸರು ಹೇಳಿ ಬರೆದಿದ್ದಾರೆಯೇ ಎಂದು ನೋಡಿರಿ. ಯಾವುದಾದರೂ ಚೀಟಿಯಲ್ಲಿ ಹಳೆಯ ಮಾತೇ ಇದ್ದರೆ ಬರೆದವರನ್ನು ಪತ್ತೆಹಚ್ಚಲು ಹೋಗದೆ, ಮುಂದಿನ ಜಂಟಿ ಕೆಲಸವನ್ನು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿರಿ.