ಮನೆಯಲ್ಲಿ ಉಳಿದ ಬೆಳ್ಳಿ ರೂಪಾಯಿ: ಕಾಲದ ಬಣ್ಣ ಯಾವುದು, ಟಂಕಸಾಲೆಯ ದೋಷ ಯಾವುದು

ಹಿರಿಯರ ಪೆಟ್ಟಿಗೆಯಲ್ಲೋ ದೇವರ ಮನೆಯಲ್ಲೋ ಉಳಿದುಬಂದ ಬ್ರಿಟಿಷ್ ಕಾಲದ ರೂಪಾಯಿಯನ್ನು ಹುಣಸೆಹಣ್ಣಿನಿಂದಾಗಲಿ ವಿಭೂತಿಯಿಂದಾಗಲಿ ಉಜ್ಜಿ ಬೆಳಗಬಾರದು. ಅದರ ಮೇಲಿನ ಗುರುತು ಟಂಕಸಾಲೆಯಲ್ಲಿ ಆಯಿತೋ, ಕಾಲಕ್ರಮದಲ್ಲಿ ಬಂದಿತೋ, ಯಾರದೋ ಕೈಯಿಂದ ಆಯಿತೋ ಎಂಬುದನ್ನು ಹೇಳುವ ಸಾಕ್ಷ್ಯವೆಲ್ಲ ಮೇಲ್ಮೈಯಲ್ಲೇ ಇರುತ್ತದೆ. ಉಜ್ಜಿದರೆ ಮೊದಲು ಹೋಗುವುದು ಅದೇ.

ಮೊದಲು ಇಸವಿ ನೋಡಿ, ತೂಕ ಮಾಡಿ. 1835ರಿಂದ 1939ರವರೆಗಿನ ರೂಪಾಯಿಯಲ್ಲಿ ಶೇ. 91.7ರಷ್ಟು ಬೆಳ್ಳಿಯಿದ್ದು, ತೂಕ 11.66 ಗ್ರಾಂ. 1940ರಿಂದ 1945ರವರೆಗಿನವು ಅಷ್ಟೇ ತೂಗಿದರೂ ಅವುಗಳಲ್ಲಿ ಅರ್ಧ ಮಾತ್ರ ಬೆಳ್ಳಿ. 1946 ಮತ್ತು 1947ರ ರೂಪಾಯಿಗಳು ಬೆಳ್ಳಿಯವೇ ಅಲ್ಲ, ನಿಕ್ಕಲ್, ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆ. ಹುಲಿಯ ಚಿತ್ರವಿರುವ 1947ರ ರೂಪಾಯಿಯನ್ನು ಬೆಳ್ಳಿಯೆಂದೇ ಜೋಪಾನ ಮಾಡಿದ ಮನೆಗಳು ಕಡಿಮೆಯೇನಲ್ಲ.

ಬೆಳ್ಳಿಯ ಮೇಲಿನ ಬಣ್ಣ, ಅಂದರೆ ಟೋನಿಂಗ್, ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳು ಲೋಹದೊಡನೆ ಸೇರಿ ಆಗುವ ತೆಳುವಾದ ಬೆಳ್ಳಿ ಸಲ್ಫೈಡ್ ಪದರ. ಪದರ ದಪ್ಪವಾಗುತ್ತ ಹೋದಂತೆ ತಿಳಿಹಳದಿಯಿಂದ ಹೊಂಬಣ್ಣ, ಅಲ್ಲಿಂದ ಕೆಂಗಂದು, ನೇರಳೆ, ನೀಲಿ, ಕಡೆಗೆ ಕಪ್ಪು ಎಂಬ ಕ್ರಮದಲ್ಲಿ ಬಣ್ಣ ಮಾಗುತ್ತದೆ. ಅಗ್ಗದ ಕಾಗದ, ಉಣ್ಣೆ, ರಬ್ಬರ್ ಇವುಗಳ ಜೊತೆಗಿಟ್ಟ ನಾಣ್ಯ ಬೇಗ ಕಪ್ಪಾಗುವುದು ಅವುಗಳಲ್ಲಿ ಗಂಧಕವಿರುವುದರಿಂದ. ಸಹಜವಾಗಿ ಬಂದ ಬಣ್ಣ ಸಾಮಾನ್ಯವಾಗಿ ಅಂಚಿನಿಂದ ನಡುವಿಗೆ ಹಂತಹಂತವಾಗಿ ತಿಳಿಯಾಗುತ್ತದೆ. ಓರೆಯಾದ ಬೆಳಕಿನಲ್ಲಿ ನಿಧಾನವಾಗಿ ತಿರುಗಿಸಿದರೆ ಬಣ್ಣದಡಿಯಿಂದ ಲೋಹದ ಹೊಳಪು ಹಾದುಬರುತ್ತದೆ. ಬಿಸಿ ಅಥವಾ ರಾಸಾಯನಿಕದಿಂದ ಬರಿಸಿದ ಬಣ್ಣ ಈ ಕ್ರಮವನ್ನು ಹಾರಿ ಹೊಳೆಯುವ ನೀಲಿ, ಗುಲಾಬಿಗಳಾಗಿ ತಟ್ಟನೆ ನಿಲ್ಲುತ್ತದೆ, ಉಜ್ಜಿದ ಗೀರುಗಳ ಮೇಲೂ ಒಂದೇ ಸಮನೆ ಹರಡಿರುತ್ತದೆ. ಪ್ಲಾಸ್ಟಿಕ್ ಹಾಳೆಗಳಲ್ಲಿಟ್ಟ ನಾಣ್ಯದ ಮೇಲಿನ ಅಂಟಂಟಾದ ಹಸಿರು ಟೋನಿಂಗ್ ಅಲ್ಲ, ಪಿವಿಸಿಯ ಮಲಿನ. ಅದನ್ನು ಶುದ್ಧ ಅಸಿಟೋನ್‌ನಲ್ಲಿ ನೆನೆಸಿ, ಉಜ್ಜದೆ, ಬೆಂಕಿಯಿಂದ ದೂರವಿಟ್ಟು ತೆಗೆಯಬಹುದು.

ಟಂಕಸಾಲೆಯ ದೋಷವನ್ನು ಗುರುತಿಸಲು ನಾನು ಹೆಚ್ಚು ನಂಬುವುದು ಒಂದು ಸರಳ ತತ್ತ್ವವನ್ನು: ಅಚ್ಚಿನಲ್ಲಿ ಬಿರುಕು ಬಿಟ್ಟಿದ್ದರೆ ಹೊಡೆತಕ್ಕೆ ಲೋಹ ಆ ಬಿರುಕಿನೊಳಗೆ ಹರಿಯುವುದರಿಂದ ನಾಣ್ಯದ ಮೇಲೆ ಗೆರೆ ಉಬ್ಬಿಕೊಂಡಿರುತ್ತದೆ, ತಗ್ಗಾದ ಗೆರೆ ಬಹುಪಾಲು ಆಮೇಲೆ ಆದ ಗಾಯ. ಹತ್ತು ಪಟ್ಟು ದೊಡ್ಡದಾಗಿ ತೋರುವ ಲೆನ್ಸ್ ಇದಕ್ಕೆ ಸಾಕು. ರಾಜನ ಮುಖವನ್ನು ನೇರವಾಗಿ ಹಿಡಿದು, ಪುಸ್ತಕದ ಹಾಳೆಯಂತೆ ನಾಣ್ಯವನ್ನು ಪಕ್ಕಕ್ಕೆ ತಿರುವಿದಾಗ ಹಿಂಬದಿಯೂ ನೇರವಾಗಿಯೇ ಕಾಣಬೇಕು. ಸ್ಪಷ್ಟವಾಗಿ ಓರೆಯಾಗಿದ್ದರೆ ಒಂದು ಅಚ್ಚು ತಿರುಗಿಕೊಂಡಿತ್ತು ಎಂದರ್ಥ. ಎರಡನೆಯ ಬದಿಯಲ್ಲಿ ಮೊದಲ ಬದಿಯದೇ ಚಿತ್ರ ತಗ್ಗಾಗಿ, ಎಡಬಲ ಅದಲುಬದಲಾಗಿ ಮೂಡಿದ್ದರೆ ಅದು ಸಂಗ್ರಾಹಕರು ಲಾಖಿ ಎಂದು ಕರೆಯುವ ದೋಷ: ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡೇ ಉಳಿದು, ಮುಂದಿನ ಬಿಲ್ಲೆಯ ಮೇಲೆ ತಾನೇ ಅಚ್ಚಾಗಿ ಒತ್ತಿದಾಗ ಇದು ಹುಟ್ಟುತ್ತದೆ.

ದೋಷವೆಂದು ತೋರಿ ದೋಷವಲ್ಲದವೂ ಇವೆ. ಐದನೇ ಜಾರ್ಜ್ ರೂಪಾಯಿಯ ಹಿಂಬದಿಯಲ್ಲಿ ಕೆಳಗಿನ ಹೂವಿನ ಬಳಿಯ ಪುಟ್ಟ ಚುಕ್ಕೆ ಬೊಂಬಾಯಿ ಟಂಕಸಾಲೆಯ ಗುರುತು. 1862ರ ಇಸವಿಯನ್ನೇ ಇಟ್ಟುಕೊಂಡು ಮುಂದೆಯೂ ಹಲವು ವರ್ಷ ಟಂಕಿಸಿದ ವಿಕ್ಟೋರಿಯಾ ರೂಪಾಯಿಗಳಲ್ಲಿ ಕಾಣುವ ಚುಕ್ಕೆಗಳೂ ಬೇಕೆಂದೇ ಇಟ್ಟವು. 1911ರ ರೂಪಾಯಿಯಲ್ಲಿ ರಾಜನ ಉಡುಪಿನ ಮೇಲಿನ ಆನೆ ಹಂದಿಯಂತೆ ಕಂಡು ಜನ ಕೆರಳಿದ್ದರು, 1912ರಲ್ಲಿ ಚಿತ್ರವನ್ನು ತಿದ್ದಲಾಯಿತು. ಆದರೆ ಅದು ವಿನ್ಯಾಸದ ಎಡವಟ್ಟೇ ಹೊರತು ಟಂಕಿಸುವಾಗ ಆದ ತಪ್ಪಲ್ಲ.

ಕೊನೆಗೆ ಅಂಚನ್ನು ಸುತ್ತಲೂ ಪರೀಕ್ಷಿಸಿ. ನಮ್ಮಲ್ಲಿ ರೂಪಾಯಿಗಳನ್ನು ಸರಕ್ಕೆ ಪೋಣಿಸುವ ರೂಢಿಯಿದ್ದುದರಿಂದ, ರಾಜನ ತಲೆಯ ನೇರಕ್ಕೆ ಅಂಚಿನ ಹಲ್ಲುಗೀರುಗಳು ಅಳಿಸಿಹೋಗಿ, ಅಲ್ಲಿಯಷ್ಟೇ ಬಣ್ಣ ಬೇರೆಯಾಗಿದ್ದರೆ ಅದು ಕೊಂಡಿಯ ಬೆಸುಗೆ ತೆಗೆದ ಜಾಗ. ಅಂಚಿನ ಸುತ್ತ ನಡುವೆ ಕೂಡುಗೆರೆಯಿದ್ದು, ಮೈಮೇಲೆ ಗಾಳಿಗುಳ್ಳೆಯ ಗುಳಿಗಳಿದ್ದರೆ ಅದು ಎರಕ ಹೊಯ್ದ ನಕಲಿ. ಅಂಥ ನಾಣ್ಯದಲ್ಲಿ ಎಷ್ಟೇ ವಿಚಿತ್ರ ಕಂಡರೂ ಅದನ್ನು ಟಂಕಸಾಲೆಯ ಲೆಕ್ಕಕ್ಕೆ ಹಾಕುವಂತಿಲ್ಲ.