ಬಾಕ್ಸ್ ತುಂಬಿ ತುಳುಕುವ ಮೊದಲು: ಪೋಕೆಮಾನ್ ಸಂಗ್ರಹ ಜೋಡಿಸಿಡುವ ಬಗೆ

ಪೋಕೆಮಾನ್ ವಿಡಿಯೋ ಗೇಮಿನಲ್ಲಿ ಪಾರ್ಟಿಯಲ್ಲಿ, ಅಂದರೆ ಜೊತೆಗೊಯ್ಯುವ ತಂಡದಲ್ಲಿ, ಆರು ಪೋಕೆಮಾನ್ ಇದ್ದಾಗ ಏಳನೆಯದನ್ನು ಹಿಡಿದರೆ ಅದು ಸೀದಾ ಆಟದೊಳಗಿನ ಉಗ್ರಾಣವಾದ ಬಾಕ್ಸಿಗೆ ಹೋಗುತ್ತದೆ. ಯಾವ ಬಾಕ್ಸಿಗೆ? ಪೋಕೆಮಾನ್ ಸರಣಿಯ ಬಹುಪಾಲು ಆಟಗಳಲ್ಲಿ, ನೀವು ಕೊನೆಯ ಸಲ ತೆರೆದು ನೋಡಿದ ಬಾಕ್ಸಿನಲ್ಲಿ ಮೊದಲು ಸಿಕ್ಕ ಖಾಲಿ ಮನೆಗೆ. ಅದು ತುಂಬಿದ್ದರೆ ಮುಂದಿನ ಬಾಕ್ಸಿಗೆ. ಸಂಗ್ರಹ ಕಲಸುಮೇಲೋಗರ ಆಗುವುದು ಇಲ್ಲಿಂದಲೇ. ಡೆಕ್ಸ್ (ಎಲ್ಲ ಪೋಕೆಮಾನ್‌ಗಳ ಸಂಖ್ಯಾವಾರು ಪಟ್ಟಿ) ಕ್ರಮದಲ್ಲಿ ನೀಟಾಗಿ ಜೋಡಿಸಿ, ಇನ್ನೂ ಸಿಗದವಕ್ಕೆಂದು ನಡುವೆ ಜಾಗ ಬಿಟ್ಟಿರುತ್ತೀರಿ. ಆ ಬಾಕ್ಸನ್ನು ತೆರೆದಿಟ್ಟೇ ಹೊರಗೆ ಹೋಗಿ ಹತ್ತು ಹಿಡಿದರೆ, ಬಿಟ್ಟ ಜಾಗಗಳಲ್ಲೆಲ್ಲ ದಾರಿಹೋಕರು ಬಂದು ಕೂತಿರುತ್ತಾರೆ.

ಇದಕ್ಕೆ ಮದ್ದು ಸುಲಭ. ಮೊದಲ ಎರಡು ಬಾಕ್ಸುಗಳನ್ನು ಜಗಲಿ ಎಂದು ಬಿಟ್ಟುಬಿಡಿ. ಹೊಸದಾಗಿ ಬಂದವರೆಲ್ಲ ಅಲ್ಲೇ ಕೂರಲಿ. ಬಾಕ್ಸ್ ಪರದೆಯಿಂದ ಹೊರಬರುವ ಮುನ್ನ ಪ್ರತಿ ಸಲ ಒಂದನೇ ಬಾಕ್ಸಿಗೆ ತಿರುಗಿಸಿ ಆಮೇಲೆ ಮುಚ್ಚಿ. ಆಟ ನಿಲ್ಲಿಸುವ ಮುಂಚೆ ಐದು ನಿಮಿಷ ಕೊಟ್ಟು ಜಗಲಿ ಖಾಲಿ ಮಾಡಿ: ಒಳಗೆ ಹೋಗುವುದು ಒಳಗೆ, ಟ್ರೇಡಿಗೆ ಹೋಗುವುದು ಟ್ರೇಡಿಗೆ, ಉಳಿದದ್ದು ರಿಲೀಸ್. ಅರವತ್ತು ಸೇರಿದ ಮೇಲೆ ವಿಂಗಡಿಸೋಣ ಎಂದರೆ ಯಾವುದನ್ನು ಏಕೆ ಹಿಡಿದೆವು ಎಂಬುದೇ ಮರೆತಿರುತ್ತದೆ.

ಎಷ್ಟು ಜಾಗ ಇದೆ

ಗೇಮ್ ಬಾಯ್ ಕಾಲದ ರೆಡ್-ಬ್ಲೂ ಆಟಗಳಲ್ಲಿ 20 ಮನೆಗಳ 12 ಬಾಕ್ಸ್, ಒಟ್ಟು 240. ರೂಬಿ-ಸಫೈರ್‌ನಿಂದ ಒಂದು ಬಾಕ್ಸಿಗೆ 30 ಮನೆ, ಅಡ್ಡಸಾಲಿನಲ್ಲಿ ಆರರಂತೆ ಐದು ಸಾಲು. ಸ್ವೋರ್ಡ್-ಶೀಲ್ಡ್ ಹಾಗೂ ಸ್ಕಾರ್ಲೆಟ್-ವಯೊಲೆಟ್ ಎರಡರಲ್ಲೂ 32 ಬಾಕ್ಸ್, ಅಂದರೆ 960 ಮನೆ. ಆದರೆ ಇವೆಲ್ಲ ಮೊದಲ ದಿನವೇ ಕಾಣುವುದಿಲ್ಲ. ಬ್ಲ್ಯಾಕ್-ವೈಟ್, ಸ್ವೋರ್ಡ್-ಶೀಲ್ಡ್‌ನಂಥ ಆಟಗಳು ಎಂಟೇ ಬಾಕ್ಸಿನಿಂದ ಶುರುವಾಗುತ್ತವೆ. ಇರುವ ಪ್ರತಿ ಬಾಕ್ಸಿನಲ್ಲೂ ಕನಿಷ್ಠ ಒಂದನ್ನು ಇಟ್ಟರೆ ಇನ್ನಷ್ಟು ತೆರೆದುಕೊಳ್ಳುತ್ತವೆ. ಹಾಗಾಗಿ ಕ್ರಮ ಹಾಕುವ ಮೊದಲು ಸಿಕ್ಕಿದ್ದನ್ನು ಬಾಕ್ಸಿಗೊಂದರಂತೆ ಹಂಚಿ ಎಲ್ಲವನ್ನೂ ತೆರೆಸಿಕೊಳ್ಳಿ. ಇಲ್ಲದಿದ್ದರೆ ಎಂಟು ಬಾಕ್ಸಿಗೆ ಹಾಕಿದ ಲೆಕ್ಕವನ್ನು ಮತ್ತೆ ಮೊದಲಿಂದ ಹಾಕಬೇಕಾಗುತ್ತದೆ.

ಕೆಲಸದ್ದು ಮುಂದೆ, ನೋಡುವುದು ಹಿಂದೆ

ಹೊಸಬರು ಮಾಡುವ ತಪ್ಪು ಎಂದರೆ ಎಲ್ಲವನ್ನೂ ಡೆಕ್ಸ್ ಸಂಖ್ಯೆಯ ಪ್ರಕಾರ ಇಡುವುದು. ನೋಡಲು ಚೆನ್ನ, ಬಳಸಲು ಕಷ್ಟ. ಬಹುತೇಕ ಯಾವ ಜಾತಿಯ ಜೊತೆಗೂ ಮರಿ ಮಾಡಿಸಬಹುದಾದ, ದಿನಾ ಬೇಕಾದ ಡಿಟ್ಟೊ ಐದನೇ ಬಾಕ್ಸಿನಲ್ಲಿ, ಅದರ ಜೋಡಿ ಇಪ್ಪತ್ತನೆಯದರಲ್ಲಿ ಇದ್ದರೆ ಬಟನ್ ಒತ್ತುವುದೇ ಕೆಲಸವಾಗುತ್ತದೆ. 1 ಮತ್ತು 2 ಜಗಲಿ. 3ರಲ್ಲಿ ಯುದ್ಧದ ತಂಡಗಳು: ಸಾಲಿಗೆ ಆರು ಮನೆ, ತಂಡಕ್ಕೆ ಆರು ಜನ, ಹಾಗಾಗಿ ಒಂದು ಸಾಲು ಒಂದು ತಂಡ, ಒಂದು ಬಾಕ್ಸಿಗೆ ಐದು ತಂಡ. 4 ಮತ್ತು 5 ಬ್ರೀಡಿಂಗಿಗೆ (ಜೋಡಿಯಿಂದ ಮರಿ ಮಾಡಿಸಲು), 6 ಟ್ರೇಡಿಗೆ. 7ರಿಂದ ಆಚೆಗೆ ಶೈನಿ (ಬಣ್ಣ ಬೇರೆಯಿರುವ ಅಪರೂಪದವು), ಡೆಕ್ಸ್ ಸಂಗ್ರಹ, ಈವೆಂಟಿನಲ್ಲಿ ಬಂದವು. ಇಡೀ ತಂಡವನ್ನು ಒಂದೇ ಏಟಿಗೆ ಎತ್ತಲು ನಿಂಟೆಂಡೊ ಸ್ವಿಚ್ ಆಟಗಳಲ್ಲಿ ವೈ ಬಟನ್ ಒತ್ತಿ ಕರ್ಸರ್ ಹಸಿರಾಗುವಂತೆ ಮಾಡಿ, ಸಾಲಿನ ಉದ್ದಕ್ಕೂ ಎಳೆಯಿರಿ.

ಬ್ರೀಡಿಂಗ್ ಬಾಕ್ಸಿನ ಮೊದಲ ಸಾಲು ಡಿಟ್ಟೊಗಳಿಗೆ. ಬೇರೆ ಭಾಷೆಯ ಆಟದಿಂದ ಟ್ರೇಡಾಗಿ ಬಂದ ಡಿಟ್ಟೊ ಇದ್ದರೆ ಅದನ್ನು ಪ್ರತ್ಯೇಕವಾಗಿ ಗುರುತು ಮಾಡಿ. ಜೋಡಿ ಬೇರೆ ಬೇರೆ ಭಾಷೆಯದ್ದಾಗಿದ್ದರೆ ಮೊಟ್ಟೆಯಿಂದ ಶೈನಿ ಬರುವ ಸಾಧ್ಯತೆ 4096ರಲ್ಲಿ 1ರಿಂದ ಸುಮಾರು 683ರಲ್ಲಿ 1ಕ್ಕೆ ಏರುತ್ತದೆ. ಅದರ ಅಂಕಿಅಂಶ ಕಳಪೆ ಎಂದು ರಿಲೀಸ್ ಮಾಡಿದವರು ಆಮೇಲೆ ತಲೆ ಚಚ್ಚಿಕೊಳ್ಳುತ್ತಾರೆ.

ಗುರುತು ಎಂದರೆ ವೃತ್ತ, ತ್ರಿಕೋನ, ಚೌಕ, ಹೃದಯ, ನಕ್ಷತ್ರ, ವಜ್ರ. ಸನ್-ಮೂನ್‌ನಿಂದ ಈಚೆಗೆ ಇವು ನೀಲಿ, ಗುಲಾಬಿ ಎಂಬ ಎರಡು ಬಣ್ಣದಲ್ಲಿ ಸಿಗುತ್ತವೆ. ಆರು ಗುರುತು, ಆರು ಐವಿ (ಹುಟ್ಟಿನಿಂದಲೇ ಬರುವ ಸಾಮರ್ಥ್ಯದ ಅಂಕ), ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದಂತಿವೆ. ಎಚ್‌ಪಿಯಿಂದ (ಜೀವಬಲ) ಸ್ಪೀಡ್‌ವರೆಗೆ ಕ್ರಮವಾಗಿ ಒಂದೊಂದಕ್ಕೆ ಒಂದೊಂದು ಗುರುತು ಇಟ್ಟು, 31 ಇದ್ದರೆ ನೀಲಿ, ಬೇಕೆಂದೇ ಸೊನ್ನೆ ಇಟ್ಟುಕೊಂಡಿದ್ದರೆ ಗುಲಾಬಿ ಎಂದು ಹಾಕಿ. ಜೋಡಿಯಲ್ಲಿ ಒಂದಕ್ಕೆ ಡೆಸ್ಟಿನಿ ನಾಟ್ ಎಂಬ ವಸ್ತುವನ್ನು ಹಿಡಿಸಿದರೆ ತಂದೆತಾಯಿಯ ಹನ್ನೆರಡು ಐವಿಗಳಲ್ಲಿ ಐದು ಮರಿಗೆ ಬರುತ್ತವೆ. ಯಾವ ಮರಿಯಲ್ಲಿ ಯಾವುದು ಕೊರತೆ ಎಂಬುದನ್ನು ಗುರುತು ನೋಡಿಯೇ ಹೇಳಬಹುದು, ಪ್ರತಿಯೊಂದರ ವಿವರ ತೆರೆಯಬೇಕಿಲ್ಲ.

ಲಿವಿಂಗ್ ಡೆಕ್ಸ್ ಲೆಕ್ಕ

ಪ್ರತಿ ಪ್ರಭೇದಕ್ಕೂ ಒಂದೊಂದು ಜೀವಂತ ಪ್ರತಿ ಇಟ್ಟುಕೊಳ್ಳುವುದೇ ಲಿವಿಂಗ್ ಡೆಕ್ಸ್. ಆಟಗಳ ಒಂಬತ್ತನೇ ಪೀಳಿಗೆಯ ಪೀಚರಂಟ್‌ವರೆಗೆ ಒಟ್ಟು 1025. ಎಡೆಬಿಡದೆ ಇಟ್ಟರೆ 35 ಬಾಕ್ಸ್, ಕೊನೆಯದರಲ್ಲಿ ಐದೇ ಇರುತ್ತವೆ. ಪ್ರತಿ ಪೀಳಿಗೆಯನ್ನೂ ಹೊಸ ಬಾಕ್ಸಿನಿಂದ ಶುರು ಮಾಡಿದರೆ 39. ಮೊದಲ ಪೀಳಿಗೆಯ 151ರಲ್ಲಿ ಮ್ಯೂ ಒಂದೇ ಆರನೇ ಬಾಕ್ಸಿನಲ್ಲಿ ಒಂಟಿಯಾಗಿ ಕೂರುತ್ತದೆ. ನೋಡಲು ಪಾಪ ಎನಿಸಿದರೂ ಆಮೇಲೆ ಪ್ರಾದೇಶಿಕ ರೂಪಗಳನ್ನು ಇಡಲು ಅಲ್ಲಿ ಉಳಿದ 29 ಮನೆ ಉಪಯೋಗಕ್ಕೆ ಬರುತ್ತವೆ. 39ರ ಕ್ರಮವೇ ವಾಸಿ.

ಎಡೆಬಿಡದ ಕ್ರಮ ಹಿಡಿದವರಿಗೆ ಒಂದು ಅನುಕೂಲ ಇದೆ, ಮನೆಯನ್ನು ಬಾಯಿಲೆಕ್ಕದಲ್ಲೇ ಹುಡುಕಬಹುದು. ಡೆಕ್ಸ್ ಸಂಖ್ಯೆಯಲ್ಲಿ 1 ಕಳೆದು 30ರಿಂದ ಭಾಗಿಸಿ. ಭಾಗಲಬ್ಧಕ್ಕೆ 1 ಸೇರಿಸಿದರೆ ಬಾಕ್ಸ್. ಶೇಷವನ್ನು 6ರಿಂದ ಭಾಗಿಸಿ, ಅದರ ಭಾಗಲಬ್ಧಕ್ಕೆ 1 ಸೇರಿಸಿದರೆ ಸಾಲು, ಶೇಷಕ್ಕೆ 1 ಸೇರಿಸಿದರೆ ಸಾಲಿನಲ್ಲಿ ಎಷ್ಟನೆಯದು ಎಂಬುದು. ಡ್ರ್ಯಾಗನೈಟ್ 149: ಒಂದು ಕಳೆದರೆ 148, ಅದರಲ್ಲಿ 30 ನಾಲ್ಕು ಸಲ, ಶೇಷ 28. ಐದನೇ ಬಾಕ್ಸ್. 28ರಲ್ಲಿ 6 ನಾಲ್ಕು ಸಲ, ಶೇಷ 4. ಐದನೇ ಸಾಲು, ಐದನೇ ಮನೆ.

ಹಿಡಿಯುವಾಗಲೇ ಎಷ್ಟು ಬೇಕೆಂದು ಎಣಿಸಿಕೊಳ್ಳಿ. ಈವೀ ವಿಕಾಸವಾಗುವ ಬಗೆ ಎಂಟು, ಅದರ ಮೂಲರೂಪಕ್ಕೊಂದು, ಒಟ್ಟು ಒಂಬತ್ತು ಬೇಕು. ಒಂದನ್ನೇ ಹಿಡಿದು ವಿಕಾಸ ಮಾಡಿಬಿಟ್ಟರೆ ಮತ್ತೆ ಬ್ರೀಡಿಂಗಿಗೆ ಹೋಗಬೇಕು.

ರೂಪಭೇದಗಳನ್ನೂ ಕೂಡಿಸುವವರಿಗೆ ಅನೌನ್ ಸುಲಭ: 28 ರೂಪ, ಒಂದೇ ಬಾಕ್ಸ್, ಎರಡು ಮನೆ ಉಳಿಯುತ್ತದೆ. ಕಾಡುವುದು ಆಲ್ಕ್ರೀಮಿ. ಕ್ರೀಮ್ ಒಂಬತ್ತು ಬಗೆ, ಸ್ವೀಟ್ ಏಳು ಬಗೆ, ಗುಣಿಸಿದರೆ 63. ಒಂಬತ್ತೂ ಏಳೂ ಆರರ ಸಾಲಿಗೆ ಹೊಂದುವುದಿಲ್ಲ. ಒಂದು ಸ್ವೀಟಿನ ಒಂಬತ್ತು ಎಂದರೆ ಒಂದೂವರೆ ಸಾಲು. ಬಾಕ್ಸಿಗೆ ಮೂರು ಸ್ವೀಟಿನಂತೆ ಇಟ್ಟರೆ ಇಪ್ಪತ್ತೇಳಾಗಿ ಕೊನೆಯ ಮೂರು ಮನೆ ಖಾಲಿ ಬೀಳುತ್ತವೆ, ಮೂರನೇ ಬಾಕ್ಸಿನಲ್ಲಿ ಏಳನೇ ಸ್ವೀಟು ಒಂದೇ ಉಳಿಯುತ್ತದೆ. ಇದಕ್ಕಿಂತ ಚೆಂದದ ಜೋಡಣೆ ಆಗದು.

ರಿಲೀಸ್ ಒತ್ತುವ ಮುನ್ನ

ರಿಲೀಸ್ ಆದದ್ದು ವಾಪಸ್ ಬರುವುದಿಲ್ಲ. ಮೊದಲು ಕೈಯಲ್ಲಿರುವ ವಸ್ತುವನ್ನು ತೆಗೆದುಕೊಳ್ಳಿ. ಆಮೇಲೆ ನೋಡಬೇಕಾದ್ದು: ಶೈನಿಯೇ, ಯಾವ ಬಾಲಿನಲ್ಲಿದೆ (ಹಿಡಿಯಲು ಎಸೆದ ಚೆಂಡು), ಹಿಡನ್ ಎಬಿಲಿಟಿ (ಅಪರೂಪದ ವಿಶೇಷ ಗುಣ) ಇದೆಯೇ, ರಿಬ್ಬನ್ (ಪದಕದಂಥ ಗೌರವಚಿಹ್ನೆ) ಇದೆಯೇ, ಮೂಲ ತರಬೇತುದಾರ ಯಾರು. ಅಪರೂಪದ ಬಾಲಿನಲ್ಲಿರುವ ಹೆಣ್ಣು ಆ ಬಾಲನ್ನು ಮರಿಗೆ ದಾಟಿಸಬಲ್ಲದು, ಅದರ ಐವಿ ಎಷ್ಟೇ ಕಡಿಮೆ ಇರಲಿ ಬಿಡಬೇಡಿ. ಪಾಲ್‌ವರ್ಲ್ಡ್ ಎಂಬ ಇನ್ನೊಂದು ಆಟ ಆಡುವವರಿಗೆ ಈ ಮಾತು ಬೇರೆ ಥರ ಅನ್ವಯಿಸುತ್ತದೆ: ಅಲ್ಲಿ ಒಂದೇ ಜಾತಿಯ ಹೆಚ್ಚುವರಿಗಳನ್ನು ಕಂಡೆನ್ಸರಿಗೆ ಹಾಕಿ ಒಂದನ್ನು ಬಲಪಡಿಸಬಹುದು, ಆದ್ದರಿಂದ ಡೂಪ್ಲಿಕೇಟ್ ಅಂದರೆ ಕಚ್ಚಾವಸ್ತು.

ಮೊಬೈಲಿನ ಪೋಕೆಮಾನ್ ಗೋ ಆಟದಲ್ಲಿ ಬಾಕ್ಸೇ ಇಲ್ಲ, ಒಂದೇ ಉದ್ದ ಪಟ್ಟಿ. ಅಲ್ಲಿ ಸರ್ಚ್ ಮತ್ತು ಟ್ಯಾಗ್‌ಗಳೇ ಗತಿ. ಅಲ್ಪವಿರಾಮ ಎಂದರೆ ‘ಅಥವಾ’, & ಎಂದರೆ ‘ಮತ್ತು’, ! ಎಂದರೆ ‘ಅಲ್ಲ’. 0*,1*&!4* ಎಂಬಂತೆ ಕೂಡಿಸಿ ಬರೆಯಬಹುದು (0* ಎಂದರೆ ಸೊನ್ನೆ ನಕ್ಷತ್ರದ್ದು; ನಕ್ಷತ್ರ ಎಂದರೆ ಐವಿ ನೋಡಿ ಆಟ ಕೊಡುವ ದರ್ಜೆ), ಅಲ್ಪವಿರಾಮದ ಲೆಕ್ಕ ಮೊದಲು ನಡೆಯುತ್ತದೆ. ಆದರೆ ಕಡಿಮೆ ನಕ್ಷತ್ರ ಎಂದು ಸಾರಾಸಗಟಾಗಿ ಟ್ರಾನ್ಸ್‌ಫರ್ (ಗೋದಲ್ಲಿ ರಿಲೀಸ್‌ಗೆ ಇರುವ ಹೆಸರು) ಮಾಡುವುದು ಅಪಾಯ. ಗ್ರೇಟ್ ಲೀಗ್ ಎಂಬ ಪಂದ್ಯಗಳ 1500 ಸಿಪಿ (ಯುದ್ಧಬಲದ ಅಂಕ) ಮಿತಿಯಲ್ಲಿ ದಾಳಿ ಕಡಿಮೆ, ರಕ್ಷಣೆ ಮತ್ತು ಎಚ್‌ಪಿ ಹೆಚ್ಚು ಇರುವುದೇ ಹಲವು ಜಾತಿಗಳಿಗೆ ಲಾಭ. 0-15-15 (ದಾಳಿ, ರಕ್ಷಣೆ, ಎಚ್‌ಪಿ ಐವಿಗಳು) ಇರುವ ಅಂಥದಕ್ಕೆ ಆಟ ಕೊಡುವುದು ಬರೀ ಎರಡು ನಕ್ಷತ್ರ. ಬೇಕಾದ್ದಕ್ಕೆಲ್ಲ ಮೊದಲು ಫೇವರಿಟ್ ಗುರುತು ಹಾಕಿ. ಅದಿದ್ದರೆ ಟ್ರಾನ್ಸ್‌ಫರ್ ಆಗುವುದಿಲ್ಲ.

ಹೋಮ್‌ಗೆ ಸಾಗಿಸುವಾಗ

ಒಂದೇ ಆಟದ 960 ಮನೆಯಲ್ಲಿ 1025 ಹಿಡಿಸದು, ಜೊತೆಗೆ ಎಲ್ಲ ಪ್ರಭೇದಗಳೂ ಎಲ್ಲ ಆಟಕ್ಕೆ ಬರುವುದಿಲ್ಲ. ಹಾಗಾಗಿ ಪೂರ್ಣ ಸಂಗ್ರಹಕ್ಕೆ 2020ರಲ್ಲಿ ಬಂದ ಪೋಕೆಮಾನ್ ಹೋಮ್ ಎಂಬ ಆನ್‌ಲೈನ್ ಉಗ್ರಾಣ ಅನಿವಾರ್ಯ. ಉಚಿತವಾದರೆ 30, ಅಂದರೆ ಒಂದೇ ಬಾಕ್ಸ್. ಪ್ರೀಮಿಯಂ ಆದರೆ 6000, ಅಂದರೆ 200 ಬಾಕ್ಸ್. ಚಂದಾ ಮುಗಿದರೆ ಮೊದಲ ಬಾಕ್ಸಿನ ಆಚೆಗಿನವು ಕೈಗೆ ಸಿಗುವುದಿಲ್ಲ. ಅತಿ ಮುಖ್ಯವಾದ ಮೂವತ್ತನ್ನು ಆ ಮೊದಲ ಬಾಕ್ಸಿನಲ್ಲೇ ಇಡಿ.

ಮೊಟ್ಟೆಗಳು ಹೋಮ್‌ಗೆ ಹೋಗುವುದಿಲ್ಲ, ಒಡೆಸಿಯೇ ಕಳಿಸಬೇಕು. ಎರಡು ಬೆಸೆದು ಒಂದಾಗಿರುವ ಕ್ಯುರೆಮ್, ನೆಕ್ರೋಜ್ಮಾ, ಕ್ಯಾಲಿರೆಕ್ಸ್‌ಗಳನ್ನು ಮೊದಲು ಬೇರ್ಪಡಿಸಿ. ಹಳೆಯ 3ಡಿಎಸ್ ಆಟಗಳ ಉಗ್ರಾಣವಾದ ಪೋಕೆಮಾನ್ ಬ್ಯಾಂಕಿನಿಂದ ಹೋಮ್‌ಗೆ, ಗೋದಿಂದ ಹೋಮ್‌ಗೆ ಹೋದದ್ದು ಹಿಂದಕ್ಕೆ ಬರುವುದಿಲ್ಲ. ಲೆಟ್ಸ್ ಗೋ ಆಟದ್ದು ಸ್ವೋರ್ಡ್-ಶೀಲ್ಡ್‌ಗೆ ಕಾಲಿಟ್ಟರೆ ಅದಕ್ಕೂ ಅದೇ ಗತಿ. ಸ್ವಿಚ್‌ನಲ್ಲಿ ಜೋಡಣೆ ಮುಗಿಸಿದ ಮೇಲೆ + ಒತ್ತಿ ಸೇವ್ ಮಾಡಿಯೇ ಹೊರಬನ್ನಿ. ಹೋಮ್ ಬಟನ್ ಒತ್ತಿ ಆ್ಯಪ್ ಮುಚ್ಚಿದರೆ ಅರ್ಧ ಗಂಟೆಯ ಜೋಡಣೆ ನೀರಿಗೆ ಹೋಮ ಮಾಡಿದಂತೆ.

ಹಳೆಯ ಕಾರ್ಟ್ರಿಡ್ಜ್‌ಗಳಲ್ಲಿ ತೊಂದರೆ ಬೇರೆ. ರೆಡ್-ಬ್ಲೂ, ಗೋಲ್ಡ್-ಸಿಲ್ವರ್‌ಗಳಲ್ಲಿ ಬಾಕ್ಸ್ ತಾನಾಗಿ ಬದಲಾಗುವುದಿಲ್ಲ. ಪಾರ್ಟಿಯೂ ತುಂಬಿ, ಈಗಿನ ಬಾಕ್ಸೂ ತುಂಬಿದ್ದರೆ ಬಾಲ್ ಎಸೆಯಲು ಆಟ ಬಿಡುವುದೇ ಇಲ್ಲ. ಅಪರೂಪದ್ದೊಂದು ಎದುರಿಗೆ ನಿಂತಾಗಲೇ ಇದು ಗೊತ್ತಾಗುವುದು. ಹದಿನೆಂಟು ಆಗುತ್ತಿದ್ದಂತೆ ಬಾಕ್ಸ್ ಬದಲಿಸಿ. ಬದಲಿಸುವಾಗ ಆಟ ತಾನೇ ಸೇವ್ ಆಗುತ್ತದೆ, ಆ ಕೆಲವು ಕ್ಷಣ ಪವರ್ ಆಫ್ ಮಾಡಿದರೆ ಸೇವ್ ಕೆಡಬಹುದು. ಆ ಕಾರ್ಟ್ರಿಡ್ಜ್‌ಗಳ ಸೇವ್ ನಿಂತಿರುವುದೇ ಒಳಗಿನ ಬ್ಯಾಟರಿಯ ಮೇಲೆ. ಗೋಲ್ಡ್-ಸಿಲ್ವರ್‌ನಲ್ಲಿ ಗಡಿಯಾರವನ್ನೂ ಅದೇ ನಡೆಸುವುದರಿಂದ ಅದು ಬೇಗ ಮುಗಿಯುತ್ತದೆ, ಬ್ಯಾಟರಿ ಹೋದರೆ ಸಂಗ್ರಹವೂ ಹೋಯಿತು. ರೂಬಿ-ಸಫೈರ್‌ನಲ್ಲಿ ಬ್ಯಾಟರಿ ಸತ್ತರೆ ಗಡಿಯಾರ ಮಾತ್ರ ನಿಲ್ಲುತ್ತದೆ, ಸೇವ್ ಫ್ಲ್ಯಾಶ್ ಚಿಪ್‌ನಲ್ಲಿ ಭದ್ರವಾಗಿರುತ್ತದೆ. ಆದ್ದರಿಂದ ಎರಡೂ ಇದ್ದವರು ಮೊದಲು ಬ್ಯಾಟರಿ ಬದಲಿಸಬೇಕಾದ್ದು ಗೋಲ್ಡ್-ಸಿಲ್ವರ್‌ಗೆ. ಆದರೆ ಬ್ಯಾಟರಿ ಬಿಚ್ಚಿದ ಕ್ಷಣವೇ ಹಳೆಯ ಸೇವ್ ಅಳಿಯುತ್ತದೆ, ಅದಕ್ಕೂ ಮೊದಲು ಒಳಗಿನವನ್ನು ಇನ್ನೊಂದು ಕಾರ್ಟ್ರಿಡ್ಜ್‌ಗೆ ಲಿಂಕ್ ಕೇಬಲ್‌ನಲ್ಲಿ ಟ್ರೇಡ್ ಮಾಡಿ ದಾಟಿಸಿರಬೇಕು.